ಕ್ಷೌರದ ಕುರ್ಚಿಗೆ ಬಂದ ಔಷಧ

ಲಾಸ್ ಏಂಜಲೀಸ್‌ನಲ್ಲಿ ಕಪ್ಪು ಸಮುದಾಯದವರೇ ನಡೆಸುವ 52 ಕ್ಷೌರದಂಗಡಿಗಳಿಂದ ಮಾತು ಶುರುಮಾಡುತ್ತೇನೆ. ಈ ಅಂಗಡಿಗಳಿಗೆ ತಪ್ಪದೆ ಬರುವ ಗಿರಾಕಿಗಳಲ್ಲಿ, ಮೇಲಿನ ಬಿಪಿ 140 ಅಥವಾ ಅದಕ್ಕಿಂತ ಹೆಚ್ಚಿದ್ದ 319 ಗಂಡಸರನ್ನು ಸೀಡರ್ಸ್-ಸೈನಾಯ್ ವೈದ್ಯಕೀಯ ಕೇಂದ್ರದ ಡಾ. ರೊನಾಲ್ಡ್ ವಿಕ್ಟರ್ ಅವರ ತಂಡ ಗುರುತಿಸಿತು. ಅಂಗಡಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನಲ್ಲಿ ಕ್ಷೌರಿಕರು ಗಿರಾಕಿಗೆ ಬುದ್ಧಿಮಾತು ಹೇಳುತ್ತಿದ್ದರು: ಉಪ್ಪು ಕಡಿಮೆ ಮಾಡಿ, ನಡೆಯಿರಿ, ಡಾಕ್ಟರ ಹತ್ತಿರ ಹೋಗಿ ಬನ್ನಿ. ಇನ್ನೊಂದು ಗುಂಪಿನಲ್ಲಿ ತರಬೇತಿ ಪಡೆದ ಫಾರ್ಮಸಿಸ್ಟ್ ಅಂಗಡಿಗೇ ಬರುತ್ತಿದ್ದರು. ಗಿರಾಕಿಯ ಡಾಕ್ಟರ ಜೊತೆ ಮೊದಲೇ ಮಾಡಿಕೊಂಡ ಒಪ್ಪಂದದ ಪ್ರಕಾರ ಅಲ್ಲೇ ಔಷಧ ಬರೆಯುತ್ತಿದ್ದರು, ರಕ್ತದ ಲವಣಾಂಶ ಪರೀಕ್ಷಿಸುತ್ತಿದ್ದರು, ಮುಂದಿನ ಸಲ ಬಂದಾಗ ಅಳೆದು ಪ್ರಮಾಣ ಹೆಚ್ಚುಕಡಿಮೆ ಮಾಡುತ್ತಿದ್ದರು.

ಆರು ತಿಂಗಳಾದ ಮೇಲೆ ನೋಡಿದರೆ, ಬುದ್ಧಿಮಾತಿನ ಗುಂಪಿನಲ್ಲಿ ಮೇಲಿನ ಬಿಪಿ ಸರಾಸರಿ 9 ಅಂಕ ಇಳಿದಿತ್ತು. ಫಾರ್ಮಸಿಸ್ಟ್ ಬಂದ ಗುಂಪಿನಲ್ಲಿ 27 ಅಂಕ. 130/80ಕ್ಕಿಂತ ಕೆಳಗೆ ಬಂದವರು ಮೊದಲ ಗುಂಪಿನಲ್ಲಿ ನೂರಕ್ಕೆ 12 ಜನ ಇದ್ದರೆ, ಎರಡನೆಯದರಲ್ಲಿ 64. ಇದು 2018ರಲ್ಲಿ ಪ್ರಕಟವಾದ ಫಲಿತಾಂಶ. ವರ್ಷ ತುಂಬಿದಾಗ ಮತ್ತೆ ಅಳೆದರು, ಅಂತರ ಹಾಗೇ ನಿಂತಿತ್ತು.

ಇದೇ ತಂಡ ಅದಕ್ಕೂ ಮೊದಲು ಡಲ್ಲಾಸ್ ಕಡೆಯ 17 ಕ್ಷೌರದಂಗಡಿಗಳಲ್ಲಿ ಇಂಥದೇ ಕೆಲಸ ಮಾಡಿತ್ತು. ಅಲ್ಲಿ ಕ್ಷೌರಿಕರು ಬಿಪಿ ನೋಡಿ ಡಾಕ್ಟರ ಕಡೆ ಕಳಿಸುವವರೆಗೆ ಮಾತ್ರ. 2011ರಲ್ಲಿ ಬಂದ ಆ ಫಲಿತಾಂಶದಲ್ಲಿ ಲಾಭ ಇತ್ತು, ಆದರೆ ಸಣ್ಣದು. ಅದೇ ಕುರ್ಚಿ, ಅದೇ ನಂಬಿಕಸ್ತ ಕ್ಷೌರಿಕ, ಅದೇ ಗಿರಾಕಿ. ಒಂದು ಊರಲ್ಲಿ ಅಳತೆ ಮಾತ್ರ ಕುರ್ಚಿಯ ಹತ್ತಿರ ಬಂತು, ಇನ್ನೊಂದು ಊರಲ್ಲಿ ಅಳತೆಯ ಜೊತೆ ಔಷಧವೂ ಬಂತು. ಲಾಸ್ ಏಂಜಲೀಸ್‌ನ ಫಾರ್ಮಸಿಸ್ಟ್ ಗುಂಪಿನಲ್ಲಿ ಶುರುವಿನಲ್ಲಿ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದವರು ನೂರಕ್ಕೆ 55, ಆರು ತಿಂಗಳಲ್ಲಿ ನೂರಕ್ಕೆ ನೂರು. ಬುದ್ಧಿಮಾತಿನ ಗುಂಪಿನಲ್ಲಿ ಅದು 53ರಿಂದ 63ಕ್ಕೆ ನಿಂತಿತು.

ನಿಮ್ಮಲ್ಲಿ ಹಲವರು ಅಮೆರಿಕದ ಆಸ್ಪತ್ರೆ, ಫಾರ್ಮಸಿಗಳಲ್ಲಿ ಕೆಲಸ ಮಾಡುವವರು. ಕೆಲವರು ವಾರಾಂತ್ಯದಲ್ಲಿ ಕಪ್ಪು ಸಮುದಾಯದ ಚರ್ಚುಗಳಲ್ಲಿ ಶಿಬಿರ ನಡೆಸುವವರು. ಅದಕ್ಕೇ ಹೇಳುತ್ತಿದ್ದೇನೆ: ಶಿಬಿರದಲ್ಲಿ ಇನ್ನೂರು ಜನರ ಬಿಪಿ ನೋಡಿದೆವು ಎನ್ನುವುದು ಅರ್ಧ ಲೆಕ್ಕ. ಅವರಲ್ಲಿ ಹೆಚ್ಚಿದ್ದವರು ಎಷ್ಟು, ಅವರಲ್ಲಿ ಆರು ತಿಂಗಳ ಮೇಲೆ ಇಳಿದವರು ಎಷ್ಟು ಎನ್ನುವುದು ಉಳಿದರ್ಧ. ಆ ಎರಡನೇ ಅಂಕಿಯನ್ನು ಬರೆದಿಡದ ಶಿಬಿರವನ್ನು ಮತ್ತೆ ಮಾಡುವ ಮೊದಲು ಯೋಚಿಸಬೇಕು.

ಈಗ ಒಂದು ಪಕ್ಕದ ದಾರಿ ಹಿಡಿಯುತ್ತೇನೆ. "ಅವರಿಗೆ ಡಾಕ್ಟರ ಮೇಲೆ ನಂಬಿಕೆ ಇಲ್ಲ" ಎಂದು ಕಪ್ಪು ಜನರ ಬಗ್ಗೆ ಹೇಳುವ ಮಾತು ನಮ್ಮವರ ಬಾಯಲ್ಲೂ ಬರುತ್ತದೆ. ಏಕೆ ಇಲ್ಲ ಎಂದು ತಿಳಿದಿರಬೇಕು. ಅಲಬಾಮಾದ ಮೇಕನ್ ಕೌಂಟಿಯ ಟಸ್ಕೀಗಿ ಊರಿನ ಸುತ್ತ 1932ರಿಂದ 1972ರವರೆಗೆ, ನಲವತ್ತು ವರ್ಷ, ಅಮೆರಿಕ ಸರ್ಕಾರದ ಆರೋಗ್ಯ ಇಲಾಖೆಯೇ ಸಿಫಿಲಿಸ್ ಎಂಬ ಲೈಂಗಿಕ ರೋಗ ಇದ್ದ 399 ಕಪ್ಪು ಗಂಡಸರಿಗೆ ಚಿಕಿತ್ಸೆ ಕೊಡದೆ, ರೋಗ ಹೇಗೆ ಬೆಳೆಯುತ್ತದೆ ಎಂದು ನೋಡುತ್ತಾ ಕೂತಿತು. ಹೋಲಿಕೆಗೆಂದು ರೋಗ ಇಲ್ಲದ 201 ಜನರನ್ನೂ ಸೇರಿಸಿಕೊಂಡಿತ್ತು. ಅವರಿಗೆ ಹೇಳಿದ್ದು "ಕೆಟ್ಟ ರಕ್ತಕ್ಕೆ ಚಿಕಿತ್ಸೆ" ಎಂದು. ಬೆನ್ನುಹುರಿಯ ನೀರು ತೆಗೆಯುವ ಪರೀಕ್ಷೆಯನ್ನು ವಿಶೇಷ ಉಚಿತ ಚಿಕಿತ್ಸೆ ಎಂದು ಕಾಗದ ಬರೆದು ಕರೆಸಿದರು. 1940ರ ದಶಕದ ಕೊನೆಗೆ ಆ ರೋಗ ಗುಣಪಡಿಸುವ ಪೆನಿಸಿಲಿನ್ ಎಲ್ಲ ಕಡೆ ಸಿಗುತ್ತಿತ್ತು, ಇವರಿಗೆ ಮಾತ್ರ ಕೊಡಲಿಲ್ಲ. ಅಧ್ಯಕ್ಷ ಕ್ಲಿಂಟನ್ ಕ್ಷಮೆ ಕೇಳಿದ್ದು 1997ರಲ್ಲಿ. ಇದನ್ನು ಅಜ್ಜನ ಕಾಲದ ಕಥೆ ಎನ್ನುವ ಹಾಗಿಲ್ಲ. ಇಂದು ನಿಮ್ಮ ಮುಂದೆ ಕೂತ ಎಪ್ಪತ್ತು ವರ್ಷದ ರೋಗಿ ಸುದ್ದಿ ಹೊರಬಿದ್ದಾಗ ಹುಡುಗನಾಗಿದ್ದ.

ಆದರೆ ಎಲ್ಲವನ್ನೂ ಟಸ್ಕೀಗಿಯ ಮೇಲೆ ಹೊರಿಸುವುದೂ ತಪ್ಪು. ಹಾಗೆ ಹೊರಿಸಿದರೆ ಇವತ್ತಿನ ಬಿಲ್ಲು, ಇವತ್ತಿನ ದೂರ, ಇವತ್ತು ಕ್ಲಿನಿಕ್ಕಿನಲ್ಲಿ ಸಿಗುವ ಏಳು ನಿಮಿಷದ ಮಾತು ಎಲ್ಲ ತಪ್ಪಿಸಿಕೊಳ್ಳುತ್ತವೆ. ಈ ಸಮುದಾಯಕ್ಕೆ ಮುಂಜಾಗ್ರತೆಯ ಅರಿವಿಲ್ಲ ಎನ್ನುವುದು ಅದಕ್ಕಿಂತ ದೊಡ್ಡ ತಪ್ಪು. ಅದೇ ಟಸ್ಕೀಗಿ ಊರಿನಿಂದ ಕಪ್ಪು ಶಿಕ್ಷಣತಜ್ಞ ಬುಕರ್ ಟಿ. ವಾಷಿಂಗ್ಟನ್ 1915ರಲ್ಲಿ ಕಪ್ಪು ಜನರ ಆರೋಗ್ಯ ಸಪ್ತಾಹ ಶುರುಮಾಡಿದರು. ಬಾವಿ ಶುಚಿ ಮಾಡುವುದು, ಮನೆಗೆ ಸುಣ್ಣ ಹೊಡೆಯುವುದು, ಮಕ್ಕಳ ಪರೀಕ್ಷೆ ಎಂದು ಅದು ಮೂರೂವರೆ ದಶಕ ನಡೆಯಿತು. ವೈದ್ಯಕೀಯ ಕಾಲೇಜುಗಳ ಮಟ್ಟ ಅಳೆದ 1910ರ ಫ್ಲೆಕ್ಸ್‌ನರ್ ವರದಿಯ ನಂತರ ಕಪ್ಪು ವಿದ್ಯಾರ್ಥಿಗಳ ಏಳು ವೈದ್ಯಕೀಯ ಕಾಲೇಜುಗಳಲ್ಲಿ ಐದು ಮುಚ್ಚಿಹೋಗಿ ಹೋವರ್ಡ್, ಮೆಹ್ಯಾರಿ ಎರಡೇ ಉಳಿದವು. ಡಾಕ್ಟರು ಇಲ್ಲದ ಕಡೆ ಜನರೇ ವ್ಯವಸ್ಥೆ ಕಟ್ಟಿಕೊಂಡರು. 1970ರ ಸುಮಾರಿಗೆ ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಶಾಖೆಗಳು ಉಚಿತ ಕ್ಲಿನಿಕ್ ನಡೆಸಿ, ಬೀದಿಬೀದಿಯಲ್ಲಿ ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತರೋಗದ ಪರೀಕ್ಷೆ ಮಾಡಿದವು. ಮಿಸಿಸಿಪ್ಪಿಯ ಮೌಂಡ್ ಬಾಯೂ ಎಂಬ ಕಪ್ಪು ಜನರ ಊರಿನಲ್ಲಿ 1960ರ ದಶಕದಲ್ಲಿ ಡಾ. ಜ್ಯಾಕ್ ಗೈಗರ್ ಮತ್ತು ಜಾನ್ ಹ್ಯಾಚ್ ಆರೋಗ್ಯ ಕೇಂದ್ರ ತೆರೆದಾಗ, ಬಡಕಲಾದ ಮಕ್ಕಳಿಗೆ ಡಾಕ್ಟರು ಔಷಧದ ಚೀಟಿಯಲ್ಲೇ ಹಾಲು, ತರಕಾರಿ, ಮಾಂಸ ಬರೆದುಕೊಟ್ಟರು. ಜನ ಅದನ್ನು ಅಂಗಡಿಯಲ್ಲಿ ಕೊಟ್ಟು ದಿನಸಿ ತಂದರು, ಬಿಲ್ಲು ಕೇಂದ್ರದ ಔಷಧದ ಖಾತೆಗೆ ಹೋಯಿತು. ಸರ್ಕಾರ ಆಕ್ಷೇಪಿಸಿದಾಗ, ಹಸಿವಿನ ರೋಗಕ್ಕೆ ಔಷಧ ಊಟವೇ ಅಲ್ಲವೇ ಎಂದು ಗೈಗರ್ ವಾದಿಸಿದರು. ಇವತ್ತು ಅಮೆರಿಕದಾದ್ಯಂತ ಆದಾಯಕ್ಕೆ ತಕ್ಕಂತೆ ಶುಲ್ಕ ಪಡೆಯುವ ಸಮುದಾಯ ಆರೋಗ್ಯ ಕೇಂದ್ರಗಳ ಬೇರು ಅಲ್ಲಿದೆ. ನಿಮ್ಮ ಶಿಬಿರಕ್ಕೆ ವಿಮೆ ಇಲ್ಲದವರು ಬಂದರೆ ಮೊದಲು ತೋರಿಸಬೇಕಾದ ದಾರಿಯೂ ಅದೇ.

ಸರಿ, ಅಳತೆಗೆ ಬರೋಣ. ಕಪ್ಪು ಅಮೆರಿಕನ್ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಬಿಪಿ ಇದೆ. ಅದು ಚಿಕ್ಕ ವಯಸ್ಸಿಗೇ ಬರುತ್ತದೆ, ಮೂತ್ರಪಿಂಡವನ್ನೂ ಮಿದುಳನ್ನೂ ಬೇಗ ಕೆಡಿಸುತ್ತದೆ. ಹಾಗಾಗಿ ತಪ್ಪು ಅಳತೆಯ ಬೆಲೆ ಇಲ್ಲಿ ದೊಡ್ಡದು.

ಅತಿ ಸಾಮಾನ್ಯ ತಪ್ಪು ತೋಳಿಗೆ ಸುತ್ತುವ ಪಟ್ಟಿಯದು. ತೋಳಿನ ನಡುಭಾಗವನ್ನು ಟೇಪಿನಿಂದ ಅಳೆಯಿರಿ. ಸುತ್ತಳತೆ 27ರಿಂದ 34 ಸೆಂಟಿಮೀಟರ್ ಇದ್ದರೆ ಸಾಧಾರಣ ಪಟ್ಟಿ, 35ರಿಂದ 44 ಇದ್ದರೆ ದೊಡ್ಡದು, ಅದಕ್ಕೂ ಮೇಲಿದ್ದರೆ ಅತಿ ದೊಡ್ಡದು. ಅತಿ ದೊಡ್ಡ ಪಟ್ಟಿ ಬೇಕಾದ ತೋಳಿಗೆ ಸಾಧಾರಣ ಪಟ್ಟಿ ಸುತ್ತಿದರೆ ಮೇಲಿನ ಬಿಪಿ ಸರಾಸರಿ 19 ಅಂಕಕ್ಕಿಂತಲೂ ಹೆಚ್ಚು ತೋರಿಸುತ್ತದೆ ಎಂದು ಜಾನ್ಸ್ ಹಾಪ್ಕಿನ್ಸ್‌ನವರು 2023ರಲ್ಲಿ ತೋರಿಸಿದರು. ಬಿಪಿ ಇಲ್ಲದವನಿಗೆ ಮಾತ್ರೆ ಶುರುವಾಗಲು ಅಷ್ಟು ಸಾಕು. ಶಿಬಿರದ ಪೆಟ್ಟಿಗೆಯಲ್ಲಿ ಮೂರೂ ಅಳತೆಯ ಪಟ್ಟಿ ಇಲ್ಲದಿದ್ದರೆ ಶಿಬಿರ ಮುಂದಕ್ಕೆ ಹಾಕಿ.

ಎರಡನೆಯದು ಕೈಯ ಎತ್ತರ. ಕ್ಷೌರದ ಕುರ್ಚಿಯಲ್ಲಿ ಬೆನ್ನಿಗೆ ಆಧಾರ ಇದೆ, ಕಾಲಿಡಲು ಹಲಗೆ ಇದೆ. ಆದರೆ ಕೈ ಇಡುವ ಹಿಡಿ ಎದೆಗಿಂತ ತೀರಾ ಕೆಳಗೆ. ಮೇಲೆ ಹೊದಿಸಿದ ಬಟ್ಟೆಯೊಳಗೆ ಕೈ ಜೋತುಬಿದ್ದರೆ ಮೇಲಿನ ಬಿಪಿ ಸುಮಾರು 6–7 ಅಂಕ ಜಾಸ್ತಿ ಬರುತ್ತದೆ, ತೊಡೆಯ ಮೇಲಿಟ್ಟರೂ 4 ಅಂಕ ಜಾಸ್ತಿ. ಎರಡು ಟವೆಲ್ ಮಡಚಿ ಕೈಯಡಿ ಇಟ್ಟು, ಪಟ್ಟಿಯ ಮಧ್ಯ ಹೃದಯದ ಮಟ್ಟಕ್ಕೆ ಬರುವಂತೆ ಮಾಡಿದರೆ ಆಯಿತು. ತೋಳು ಬರಿದಾಗಿರಲಿ. ಐದು ನಿಮಿಷ ಸುಮ್ಮನೆ ಕೂರಲಿ. ಆ ಐದು ನಿಮಿಷ ಕ್ಷೌರಿಕರೂ ಮಾತಾಡಿಸಬಾರದು, ಮಾತಾಡಿದರೆ ಅಂಕ ಏರುತ್ತದೆ. ಅರ್ಧ ಗಂಟೆ ಮುಂಚಿನಿಂದ ಕಾಫಿ, ಸಿಗರೇಟು ಬೇಡ, ಮೂತ್ರಕ್ಕೆ ಹೋಗಿ ಬಂದಿರಲಿ. ಒಂದು ನಿಮಿಷ ಬಿಟ್ಟು ಎರಡನೇ ಸಲ ಅಳೆದು ಸರಾಸರಿ ಬರೆಯಿರಿ. 180/120 ಮೀರಿದರೆ ಐದು ನಿಮಿಷದ ಮೇಲೆ ಮತ್ತೆ ನೋಡಿ. ಮೀರಿದ ಬಿಪಿಯ ಜೊತೆ ಎದೆನೋವು, ಉಸಿರುಕಟ್ಟು, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಸೋಲುವುದು ಇದ್ದರೆ ಕಾಯದೆ ತುರ್ತು ಸಂಖ್ಯೆ 911ಕ್ಕೆ ಫೋನು. ಲಕ್ಷಣ ಇಲ್ಲದಿದ್ದರೆ ಅದೇ ದಿನ ಡಾಕ್ಟರಿಗೆ ಫೋನು, ನೀವು ಮುಂದೆ ನಿಂತೇ ಮಾಡಿಸಿ.

ಮಾತ್ರೆ ಶುರುವಾದ ಮೇಲೆ ಜನ ಬಿಡುವುದಕ್ಕೆ ಕಾರಣಗಳು ಗೊತ್ತಿರುವಂಥವೇ, ಮೊದಲೇ ಹೇಳಿದರೆ ಬಿಡುವುದಿಲ್ಲ. ಆಮ್ಲೋಡಿಪಿನ್‌ನಿಂದ ಕಾಲಿನ ಗಂಟಿನ ಹತ್ತಿರ ಬಾವು ಬರಬಹುದು. ಪ್ರಮಾಣ ಇಳಿಸಿ ಇನ್ನೊಂದು ಔಷಧ ಸೇರಿಸಿದರೆ ಸಾಮಾನ್ಯವಾಗಿ ತಗ್ಗುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಬಸ್ಸು, ಲಾರಿ ಓಡಿಸುವವರು ಕೆಲಸದ ದಿನ ನುಂಗುವುದಿಲ್ಲ. ಅವರ ಪಾಳಿ ಯಾವುದೆಂದು ಕೇಳಿ ಹೊತ್ತು ಗೊತ್ತು ಮಾಡಬೇಕು. "ಪ್ರಿಲ್" ಎಂದು ಕೊನೆಯಾಗುವ ಮಾತ್ರೆಗಳಿಂದ ತುಟಿ, ನಾಲಿಗೆ ಊದಿಕೊಳ್ಳುವುದು ಕಪ್ಪು ರೋಗಿಗಳಲ್ಲಿ ಹೆಚ್ಚು. ಊದಿದರೆ ಮಾತ್ರೆ ನಿಲ್ಲಿಸಿ ತುರ್ತುಚಿಕಿತ್ಸೆಗೆ ಓಡಬೇಕು ಎಂಬುದನ್ನು ಚೀಟಿಯ ಮೇಲೇ ಬರೆದುಕೊಡಿ. ಲಾಸ್ ಏಂಜಲೀಸ್‌ನಲ್ಲಿ ಗೆದ್ದಿದ್ದು ಯಾವ ಹೊಸ ಔಷಧವೂ ಅಲ್ಲ. ಅದೇ ಆಮ್ಲೋಡಿಪಿನ್ ಮತ್ತು ಜೊತೆಗಿನ ಹಳೆಯ ಮಾತ್ರೆಗಳು. ತೊಂದರೆ ಬಂದಾಗ ಕೇಳಲು ಅಂಗಡಿಯಲ್ಲೇ ಒಬ್ಬರಿದ್ದರು, ಅಷ್ಟೇ.

ಊಟದ ವಿಷಯ ಬೇಗ ಮುಗಿಸುತ್ತೇನೆ. ದಿನಕ್ಕೆ ಸೋಡಿಯಂ 2,300 ಮಿಲಿಗ್ರಾಂ ಮೀರಬಾರದು, ಅದು ಒಂದು ಚಹಾ ಚಮಚ ಉಪ್ಪು. ಕಾಲರ್ಡ್ ಸೊಪ್ಪು, ಅಲಸಂದೆ ಕಾಳು, ಗೆಣಸು ಇವೆಲ್ಲ ಒಳ್ಳೆಯ ಊಟ. ತೊಂದರೆ ಇರುವುದು ಸೊಪ್ಪಿನ ಜೊತೆ ಬೇಯಿಸುವ, ಹೊಗೆಯಲ್ಲಿ ಒಣಗಿಸಿದ ಉಪ್ಪುಮಾಂಸದಲ್ಲಿ ಮತ್ತು ಡಬ್ಬಿಯ ಮಸಾಲೆ ಉಪ್ಪಿನಲ್ಲಿ. ಈರುಳ್ಳಿ, ಬೆಳ್ಳುಳ್ಳಿ, ವಿನೆಗರ್, ಒಣಮೆಣಸಿನಕಾಯಿ ಹಾಕಿ ಬೇಯಿಸಿ ಎನ್ನಿ, ಡಬ್ಬಿಯ ಕಾಳನ್ನು ತೊಳೆದು ಹಾಕಿ ಎನ್ನಿ. "ನಿಮ್ಮ ಊಟ ಕೆಟ್ಟದ್ದು" ಎಂದು ಶುರುಮಾಡಿದರೆ ಅಲ್ಲಿಗೆ ಮಾತು ಮುಗಿಯಿತು. ನಮ್ಮ ಅಜ್ಜಿಯ ಉಪ್ಪಿನಕಾಯಿಯ ಬಗ್ಗೆ ಹಾಗೆ ಹೇಳಿದರೆ ನಾವೂ ಎದ್ದು ಹೋಗುತ್ತೇವೆ.

ಸಕ್ಕರೆ ಕಾಯಿಲೆ ಪರೀಕ್ಷೆಯಲ್ಲಿ ಒಂದು ಸೂಕ್ಷ್ಮ ಇದೆ, ಇದು ಓದಿದವರಿಗೂ ತಪ್ಪುತ್ತದೆ. ಕಪ್ಪು ಅಮೆರಿಕನ್ನರಲ್ಲಿ ಸುಮಾರು 13 ಜನರಲ್ಲಿ ಒಬ್ಬರಿಗೆ ಸಿಕಲ್ ಸೆಲ್ ವಾಹಕತೆ ಇರುತ್ತದೆ. ಅವರಿಗೆ ರೋಗ ಇರುವುದಿಲ್ಲ, ಆದರೆ ಮೂರು ತಿಂಗಳ ಸಕ್ಕರೆ ಹೇಳುವ ಎಚ್‌ಬಿ‌ಎ1ಸಿ ಪರೀಕ್ಷೆ ಅವರಲ್ಲಿ ಇರುವುದಕ್ಕಿಂತ ಸುಮಾರು 0.3 ಕಡಿಮೆ ತೋರಿಸಬಹುದು. ಕಾಯಿಲೆಯ ಗೆರೆ 6.5 ಆಗಿರುವಾಗ 0.3 ಎಂದರೆ ದೊಡ್ಡದೇ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಗಂಡಸರಲ್ಲೂ ಅದು ಕಡಿಮೆ ಬರುತ್ತದೆ, ಕೆಂಪು ರಕ್ತಕಣಗಳ ಆಯುಸ್ಸು ಅಲ್ಲಿ ಕಮ್ಮಿ. ಬೆರಳಿನ ಸಕ್ಕರೆ ಹೆಚ್ಚಿದ್ದು ಎ1ಸಿ ಚೆನ್ನಾಗಿದೆ ಎಂದು ಬಂದರೆ ಸಮಾಧಾನಪಡಬೇಡಿ, ಬರಿಹೊಟ್ಟೆಯ ರಕ್ತ ತೆಗೆಸಿ. ಚಾಮರಾಜನಗರ, ಮೈಸೂರು ಕಡೆಯ ಸೋಲಿಗರು, ಜೇನುಕುರುಬರ ಹಾಡಿಗಳಲ್ಲೂ ಸಿಕಲ್ ಸೆಲ್ ಇದೆ. ಅಲ್ಲಿ ಕೆಲಸ ಮಾಡುವವರಿಗೂ ಇದೇ ಎಚ್ಚರ ಬೇಕು.

ಕ್ಯಾನ್ಸರಿಗೆ ಬಂದರೆ ವಯಸ್ಸುಗಳನ್ನು ನೆನಪಿಡಿ. ದೊಡ್ಡಕರುಳಿಗೆ 45, 2021ರಲ್ಲಿ 50ರಿಂದ ಇಳಿಸಿದರು. ಸ್ತನಕ್ಕೆ 40ರಿಂದ ಎರಡು ವರ್ಷಕ್ಕೊಮ್ಮೆ ಮ್ಯಾಮೋಗ್ರಾಮ್, ಅಂದರೆ ಸ್ತನದ ಎಕ್ಸ್ ರೇ. ಸ್ತನ ಕ್ಯಾನ್ಸರ್ ಬರುವ ಪ್ರಮಾಣ ಬಿಳಿ ಹೆಂಗಸರಿಗಿಂತ ಕಪ್ಪು ಹೆಂಗಸರಲ್ಲಿ ತುಸು ಕಡಿಮೆ, ಆದರೆ ಅದರಿಂದ ಸಾಯುವ ಪ್ರಮಾಣ ಸುಮಾರು ನೂರಕ್ಕೆ 40ರಷ್ಟು ಹೆಚ್ಚು. ಪ್ರಾಸ್ಟೇಟ್ ಕ್ಯಾನ್ಸರ್ ಕಪ್ಪು ಗಂಡಸರಲ್ಲಿ ಆರಕ್ಕೆ ಒಬ್ಬರಿಗೆ ಬರುತ್ತದೆ. ಅದರಿಂದ ಸಾಯುವವರು ಬಿಳಿಯರ ಎರಡರಷ್ಟು. ಪಿಎಸ್‌ಎ ರಕ್ತಪರೀಕ್ಷೆಯ ಮಾತನ್ನು 45ಕ್ಕಾದರೂ ಎತ್ತಬೇಕು, ಅಪ್ಪನಿಗೋ ಅಣ್ಣತಮ್ಮಂದಿರಿಗೋ ಬಂದಿದ್ದರೆ 40ಕ್ಕೇ. ಗುದದ್ವಾರದ ಪರೀಕ್ಷೆ ಎಂದು ಹೆದರಿ ಬರದವರು ಬಹಳ. ಮೊದಲ ಹೆಜ್ಜೆಗೆ ರಕ್ತಪರೀಕ್ಷೆ ಸಾಕು ಎಂದು ಹೇಳಿ. ಕ್ಷೌರದಂಗಡಿಯಲ್ಲಿ ಕೇಳಲೇಬೇಕಾದ ಒಂದು ಪ್ರಶ್ನೆ ಇದೆ: ಕೂದಲು ಉದುರುವುದಕ್ಕೆ ಫಿನಾಸ್ಟರೈಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ? ಅದು ಪಿಎಸ್‌ಎ ಅಂಕವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. 2 ಎಂದು ಬಂದದ್ದು ನಿಜದಲ್ಲಿ 4 ಇರಬಹುದು. ಡಾಕ್ಟರಿಗೆ ಅದು ಗೊತ್ತಿರುವುದಿಲ್ಲ, ಕ್ಷೌರಿಕರಿಗೆ ಗೊತ್ತಿರುತ್ತದೆ.

ಈಗ ಡೆಲಾವೇರ್ ರಾಜ್ಯ. ಇದನ್ನು ನಾನು ಎಲ್ಲಿ ಮಾತಾಡಿದರೂ ಬಿಡುವುದಿಲ್ಲ. 2001ರ ಸುಮಾರಿಗೆ ಅಲ್ಲಿ ದೊಡ್ಡಕರುಳಿನ ತಪಾಸಣೆ ಮಾಡಿಸಿಕೊಂಡ ಕಪ್ಪು ಜನ ನೂರಕ್ಕೆ 48, ಬಿಳಿಯರು ಅದಕ್ಕಿಂತ ಹೆಚ್ಚು. ರಾಜ್ಯ ಮೂರು ಕೆಲಸ ಮಾಡಿತು. ವಿಮೆ ಇಲ್ಲದವರಿಗೆ ಕೊಲೊನೋಸ್ಕೋಪಿಯ (ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡಕರುಳು ನೋಡುವ ಪರೀಕ್ಷೆ) ಖರ್ಚು ಕೊಟ್ಟಿತು. ಆಸ್ಪತ್ರೆಗಳಲ್ಲಿ ದಾರಿ ತೋರುವ ನರ್ಸುಗಳನ್ನು ನೇಮಿಸಿತು. ಫೋನು ಮಾಡುವುದು, ಹೊಟ್ಟೆ ಖಾಲಿ ಮಾಡುವ ದ್ರಾವಣ ಹೇಗೆ ಕುಡಿಯಬೇಕೆಂದು ವಿವರಿಸುವುದು, ಗಾಡಿ ಗೊತ್ತು ಮಾಡುವುದು ಅವರ ಕೆಲಸ. ಮೂರನೆಯದು, ಕ್ಯಾನ್ಸರ್ ಸಿಕ್ಕರೆ ಚಿಕಿತ್ಸೆಯ ಖರ್ಚೂ ನಮ್ಮದೇ ಎಂದಿತು. ಈ ಮೂರನೆಯದಿಲ್ಲದೆ ಮೊದಲೆರಡು ನಿಲ್ಲುವುದಿಲ್ಲ. ಸಿಕ್ಕಮೇಲೆ ಏನು ಮಾಡಲಿ ಎಂಬ ಪ್ರಶ್ನೆಗೆ ಉತ್ತರ ಇಲ್ಲದ ಮನುಷ್ಯ ಪರೀಕ್ಷೆಗೆ ಯಾಕೆ ಬರಬೇಕು?

2009ಕ್ಕೆ ಬರುವಷ್ಟರಲ್ಲಿ ಕಪ್ಪು ಜನರ ತಪಾಸಣೆ 74ಕ್ಕೆ ಏರಿತ್ತು, ಬಿಳಿಯರದೂ 74. ಕಪ್ಪು ರೋಗಿಗಳಲ್ಲಿ ಕ್ಯಾನ್ಸರ್ ಕರುಳಿನಾಚೆ ಹರಡಿದ ಮೇಲೆ ಪತ್ತೆಯಾಗುತ್ತಿದ್ದ ಪ್ರಮಾಣ ನೂರಕ್ಕೆ 79ರಿಂದ 40ಕ್ಕೆ ಇಳಿಯಿತು. ಸಾವು ನೂರಕ್ಕೆ 42ರಷ್ಟು ಕಡಿಮೆಯಾಗಿ ಬಿಳಿಯರ ಮಟ್ಟದ ಹತ್ತಿರ ಬಂತು. ವರ್ಷಕ್ಕೆ ಸುಮಾರು 10 ಲಕ್ಷ ಡಾಲರ್ ಖರ್ಚಿಗೆ ಉಳಿತಾಯ 85 ಲಕ್ಷ. ಎಂಟೇ ವರ್ಷ. ಯಾರ ಜೀನೂ ಬದಲಾಗಲಿಲ್ಲ, ಯಾರ "ಮನೋಭಾವ"ವನ್ನೂ ಯಾರೂ ತಿದ್ದಲಿಲ್ಲ.

ಬಿಲ್ಲಿನ ಬಗ್ಗೆ ಎರಡು ಮಾತು. 2010ರ ಆರೋಗ್ಯ ಕಾಯ್ದೆಯ ಪ್ರಕಾರ ಶಿಫಾರಸಾದ ತಪಾಸಣೆಗಳಿಗೆ ಹೆಚ್ಚಿನ ವಿಮೆಗಳು ರೋಗಿಯ ಜೇಬಿನಿಂದ ದುಡ್ಡು ಕೇಳುವಂತಿಲ್ಲ. ಆದರೆ ವಾರ್ಷಿಕ ತಪಾಸಣೆಗೆ ಹೋಗಿ "ಮಂಡಿಯೂ ನೋಯುತ್ತಿದೆ" ಎಂದರೆ ಅದು ಬೇರೆ ಭೇಟಿಯ ಲೆಕ್ಕಕ್ಕೆ ಸೇರಿ ಬಿಲ್ಲು ಬರಬಹುದು. ಅನಿರೀಕ್ಷಿತ ಬಿಲ್ಲು ಒಮ್ಮೆ ಬಂದರೆ ಆ ಮನೆಯವರು ಯಾರೂ ಮತ್ತೆ ಬರುವುದಿಲ್ಲ. ಫೋನು ಮಾಡುವಾಗಲೇ "ಇದು ಮುಂಜಾಗ್ರತಾ ತಪಾಸಣೆ, ಹಾಗೆಂದೇ ಕೋಡ್ ಹಾಕಿ" ಎಂದು ಹೇಳಲು ಕಲಿಸಿ. ಟೆಕ್ಸಸ್, ಫ್ಲಾರಿಡಾ, ಮಿಸಿಸಿಪ್ಪಿ, ಅಲಬಾಮಾದಂಥ ರಾಜ್ಯಗಳು ಬಡವರಿಗಾಗಿ ಸರ್ಕಾರ ಕೊಡುವ ವಿಮೆಯಾದ ಮೆಡಿಕೇಡನ್ನು ವಿಸ್ತರಿಸಿಲ್ಲ. ಕಪ್ಪು ಜನ ಹೆಚ್ಚಿರುವ ದಕ್ಷಿಣದ ಆ ರಾಜ್ಯಗಳಲ್ಲಿ ಬಡ ವಯಸ್ಕರಿಗೆ ಸಮುದಾಯ ಆರೋಗ್ಯ ಕೇಂದ್ರವೇ ಗತಿ.

ಡಾಕ್ಟರು ಯಾರೆಂಬುದೂ ಮುಖ್ಯ. ಓಕ್‌ಲ್ಯಾಂಡ್‌ನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು 1,300 ಕಪ್ಪು ಗಂಡಸರನ್ನು ಕ್ಷೌರದಂಗಡಿ, ಸಂತೆಗಳಲ್ಲಿ ಸೇರಿಸಿಕೊಂಡು, ಕ್ಲಿನಿಕ್ಕಿಗೆ ಬಂದ ಸುಮಾರು ಅರ್ಧದಷ್ಟು ಜನರಲ್ಲಿ ಕೆಲವರಿಗೆ ಕಪ್ಪು ಡಾಕ್ಟರನ್ನೂ ಕೆಲವರಿಗೆ ಬೇರೆಯವರನ್ನೂ ಕೊಟ್ಟರು. ಡಾಕ್ಟರ ಫೋಟೊ ಮಾತ್ರ ನೋಡಿ ಪರೀಕ್ಷೆ ಆರಿಸಿಕೊಂಡಾಗ ವ್ಯತ್ಯಾಸ ಇರಲಿಲ್ಲ. ಮುಖಾಮುಖಿ ಮಾತಾಡಿದ ಮೇಲೆ ಕಪ್ಪು ಡಾಕ್ಟರ ಮುಂದೆ ಕೂತವರು ಹೆಚ್ಚು ಪರೀಕ್ಷೆಗೆ ಒಪ್ಪಿದರು, ಅದರಲ್ಲೂ ಸೂಜಿ ಚುಚ್ಚುವಂಥವಕ್ಕೆ. ಅವರ ಜೊತೆ ಬೇರೆ ತೊಂದರೆಗಳನ್ನೂ ಹೇಳಿಕೊಂಡಿದ್ದರು. ನಾವು ಕಪ್ಪು ಡಾಕ್ಟರಾಗಲು ಆಗುವುದಿಲ್ಲ, ಅವರ ಸಂಖ್ಯೆ ಹೆಚ್ಚಲಿ ಎಂದು ದನಿ ಎತ್ತಬಹುದು. ಆದರೆ ವ್ಯತ್ಯಾಸ ಹುಟ್ಟಿದ್ದು ಮಾತಿನಲ್ಲಿ ಎನ್ನುವುದನ್ನು ಗಮನಿಸಿ. ಮೊದಲ ಭೇಟಿಯಲ್ಲಿ ಕೈಯನ್ನು ಕೀಬೋರ್ಡಿನಿಂದ ತೆಗೆದು "ಮಿಸ್ಟರ್", "ಮಿಸೆಸ್" ಎಂದು ಮನೆತನದ ಹೆಸರಿನಿಂದ ಕರೆಯಿರಿ. ಹಿರಿಯರನ್ನು ಮೊದಲ ಹೆಸರಿನಿಂದ ಕರೆಯುವುದು ಅವರ ಪಾಲಿಗೆ ಹಳೆಯ ಗಾಯ. ಬಿಳಿಯರು ತಲೆತಲಾಂತರ ಹಾಗೇ ಕರೆದರು. ಆಮೇಲೆ ಕೇಳಿ, "ಹಿಂದೆ ಆಸ್ಪತ್ರೆಗೆ ಹೋದಾಗ ಹೇಗಾಯಿತು?" ಉತ್ತರಕ್ಕೆ ಕಾಯಿರಿ.

ಕೊನೆಯದಾಗಿ ದೊಡ್ಡಕರುಳಿನ ಕ್ಯಾನ್ಸರಿನ ಸುಳಿವು ಹುಡುಕುವ ಮಲಪರೀಕ್ಷೆಯ ಕಿಟ್. ಚರ್ಚಿನಲ್ಲಿ ಹಂಚಲು ಸುಲಭ, ಮನೆಯಲ್ಲೇ ಮಾಡಿ ಅಂಚೆಗೆ ಹಾಕಬಹುದು. ಕೊಳವೆಯ ಮೇಲೆ ತಾರೀಖು ಬರೆಯದಿದ್ದರೆ ಲ್ಯಾಬು ತಿರಸ್ಕರಿಸುತ್ತದೆ, ಹಾಗಾಗಿ ಪೆನ್ನನ್ನೂ ಕಿಟ್ಟಿನೊಳಗೇ ಹಾಕಿ ಕೊಡಿ. ವರ್ಷಕ್ಕೊಮ್ಮೆ ಮಾಡಲೇಬೇಕು. ಪಾಸಿಟಿವ್ ಬಂದರೆ ಕೊಲೊನೋಸ್ಕೋಪಿ ಬಿಟ್ಟು ಬೇರೆ ದಾರಿ ಇಲ್ಲ, ಮತ್ತೊಮ್ಮೆ ಮಲಪರೀಕ್ಷೆ ಮಾಡಿ ನೋಡೋಣ ಎನ್ನುವ ಹಾಗಿಲ್ಲ. ಹತ್ತು ತಿಂಗಳು ದಾಟಿಸಿದರೆ ಕ್ಯಾನ್ಸರ್ ಬಲಿತಿರುವ ಸಂಭವ ಏರುತ್ತದೆ. ತೀರಾ ಸಣ್ಣ ಕಾರಣಕ್ಕೆ ಜನ ಇಲ್ಲಿ ನಿಂತುಬಿಡುತ್ತಾರೆ. ಮಂಪರಿನ ಔಷಧ ಕೊಡುವುದರಿಂದ ಆ ದಿನ ಗಾಡಿ ಓಡಿಸುವಂತಿಲ್ಲ, ಜೊತೆಗೆ ಒಬ್ಬರು ದೊಡ್ಡವರು ಇಲ್ಲದೆ ಮನೆಗೆ ಬಿಡುವುದಿಲ್ಲ, ಒಂಟಿಯಾಗಿ ಟ್ಯಾಕ್ಸಿ ಹತ್ತಿಸಿ ಕಳಿಸುವುದಿಲ್ಲ. ಒಬ್ಬರೇ ಇರುವವರು, ಮಕ್ಕಳು ದಿನಗೂಲಿಗೆ ಹೋಗುವವರು ಇದನ್ನು ಬಾಯಿಬಿಟ್ಟು ಹೇಳದೆ ದಿನಾಂಕ ಮುಂದೂಡುತ್ತಾರೆ. ಆದ್ದರಿಂದ ಕಿಟ್ ಹಂಚುವ ಭಾನುವಾರವೇ ಇನ್ನೊಂದು ಹಾಳೆಯನ್ನೂ ಮೇಜಿನ ಮೇಲಿಡಿ: ಯಾರು ಯಾವ ವಾರದ ದಿನ ಅರ್ಧ ದಿನ ರಜೆ ಹಾಕಿ, ಇನ್ನೊಬ್ಬರನ್ನು ಕರೆದುಕೊಂಡು ಹೋಗಿ, ಕಾದಿದ್ದು, ಮನೆ ಬಾಗಿಲವರೆಗೆ ಬಿಟ್ಟು ಬರುತ್ತಾರೆ. ಮೊದಲ ಸಾಲಿನಲ್ಲಿ ನಿಮ್ಮ ಹೆಸರು, ಫೋನ್ ನಂಬರು ಬರೆದು ಪೆನ್ನು ಮುಂದಿನವರಿಗೆ ಕೊಡಿ.